ಬೊಟ್ಟು

ನಮ್ಮ ರೇಂಜು ಹಿಂದೆ ಸ್ಕೇಟಿಂಗ್ ರಿಂಕು.
ನೆಲದಲ್ಲಿ ಈಗಲೂ ಚಕ್ರದ ಗೀರುಗಳಿವೆ. ಗುಂಡು ಹಾರಿದಾಗ
ಚಾವಣಿಯ ಕನ್ನಡಿ ಚೆಂಡು ಒಂದಿಷ್ಟು ಅಲುಗುತ್ತದೆ;
ಇಳಿಸೋಣ ಅಂದುಕೊಂಡು ಹನ್ನೆರಡು ವರ್ಷವಾಯಿತು.

ಫೆಬ್ರುವರಿ. ನೆಬ್ರಾಸ್ಕದ ಗಾಳಿಗೆ
ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುವ ದಿನ
ಲವೋನ್ ಕ್ರೆಬ್ಸ್ ಬಂದಳು. ಎಪ್ಪತ್ತೊಂದು.
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಮೂವತ್ತನಾಲ್ಕು ವರ್ಷ
ಬೀಟ್ ಗೆಡ್ಡೆಯ ಲಾರಿ ತೂಗಿದವಳು. ಮಣ್ಣೆಷ್ಟು, ಗೆಡ್ಡೆಯೆಷ್ಟು,
ನೋಡಿಯೇ ಹೇಳುತ್ತಿದ್ದಳಂತೆ.
ಕೈಚೀಲದಿಂದ ತೀರಿಹೋದ ಗಂಡನ ರಿವಾಲ್ವರ್ ತೆಗೆದಳು,
ಹಿಡಿಗೆ ಹೊಸದಾಗಿ ಲೇಸರ್ ಕೂರಿಸಿದ್ದು,
ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.
"ಬೊಟ್ಟು ಬಿದ್ದಲ್ಲಿ ಗುಂಡು ಬೀಳುತ್ತೆ ಅಂದ ಅಂಗಡಿಯವ.
ಹೌದೇನು?"

ಹೌದು, ಅಂದೆ. ಏಳು ಗಜಕ್ಕೆ ಹೌದು.
ಬೆಳಕು ಹೊರಡುವ ಕಣ್ಣು ನಳಿಗೆಯ ಬಲಕ್ಕೆ, ತುಸು ಕೆಳಗೆ;
ಎರಡೂ ದಾರಿ ಏಳು ಗಜದಲ್ಲಿ ಒಮ್ಮೆ ಕೂಡುತ್ತವೆ,
ಕೂಡಿದ್ದೇ ತಡ ಅಗಲುತ್ತವೆ.
ಬೆಳಕಿಗೆ ತೂಕವಿಲ್ಲ, ನೇರ ಹೋಗುತ್ತದೆ.
ಗುಂಡಿಗೆ ಭೂಮಿಯ ಋಣವಿದೆ.
"ತೂಕವಿಲ್ಲದ್ದನ್ನು ನಾನು ನಂಬಿದವಳಲ್ಲ," ಅಂದಳು.

ಮಟಮಟ ಮಧ್ಯಾಹ್ನ ಹಿಮದ ಮೇಲೆ ಹುಡುಕಿದರೆ
ಬೊಟ್ಟು ಸಿಗುವುದಿಲ್ಲ. ಕತ್ತಲಲ್ಲಿ ಸಿಗುತ್ತದೆ; ಆದರೆ
ಎದುರು ನಿಂತವರು ಯಾರೆಂದು ಅದನ್ನು ಕೇಳಬೇಡ,
ಬೊಟ್ಟು ಮಾಡುವುದಷ್ಟೇ ಅದರ ಕಸುಬು.

ಗುರಿಕಾಗದವನ್ನು ಏಳು ಗಜಕ್ಕೆ ಕಳಿಸಿದೆ.
ಕಿವಿ ಮುಚ್ಚಿಕೊಂಡಳು. ಹಿಡಿ ಅಮುಕಿದಳು.
ಬೊಟ್ಟು ಹುಟ್ಟಿತು, ಹುಟ್ಟಿದ್ದು ನಿಲ್ಲಲಿಲ್ಲ:
ಕಪ್ಪು ವೃತ್ತದ ಒಳಗೆ, ಹೊರಗೆ, ಮತ್ತೆ ಒಳಗೆ,
ದೀಪಕ್ಕೆ ಮುತ್ತಿದ ಹುಳದ ಹಾಗೆ.
"ಇದು ಕೆಟ್ಟಿದೆ. ಅಲ್ಲಾಡುತ್ತಿದೆ.
ವಾಪಸು ಕೊಡುತ್ತೇನೆ."

ನಾನು ಸುಮ್ಮನಿದ್ದೆ.
ನಳಿಗೆಯ ತುದಿಯ ಗುರಿಮೊಳೆ ಮರ್ಯಾದಸ್ಥ,
ಕೈಯ ನಡುಕ ಕಂಡರೂ ಕಾಣದಂತೆ ಇದ್ದುಬಿಡುತ್ತದೆ.
ಇದು ಹಾಗಲ್ಲ,
ಎದುರಿನ ಗೋಡೆಗೇ ಬರೆದುಬಿಡುತ್ತದೆ.

ಅವಳಿಗೆ ತಿಳಿಯಿತು. ಬಲಗೈಯನ್ನು
ಪಕ್ಕದ ಮನೆಯ ಮಗುವಿನ ಕೈ ಎಂಬಂತೆ ನೋಡಿದಳು.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದಳು:
ಬೊಟ್ಟು ನಡುವಿಗೆ ಬಂದೊಡನೆ ಕುದುರೆ ಜಗ್ಗಿದಳು.
ಜಗ್ಗುವಷ್ಟರಲ್ಲಿ ಅದು ಅಲ್ಲಿರಲಿಲ್ಲ.
ಐದು ಗುಂಡು, ಐದೂ ಕೆಳಗೆ, ಎಡಕ್ಕೆ.
ಬೆನ್ನಟ್ಟಬೇಡ, ಅಂದೆ. ನಡುಗಲಿ ಬಿಡು,
ನಡುಗುತ್ತಲೇ ಮೆಲ್ಲಗೆ ಒತ್ತು.
ಮುಂದಿನ ಐದು ಒಂದು ಸಾಸರಿನಷ್ಟು ಜಾಗದಲ್ಲಿ ಬಿದ್ದವು.
ಅವಳು ನಗಲಿಲ್ಲ. ಕಾಗದದ ಮೇಲೆ ಗೇಣಿಟ್ಟು ಅಳೆದಳು.

ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಬಂದಳು:
ಇನ್ನು ಇದು ಬೇಡ, ನೀನೇ ಕೊಂಡುಕೊ.
ಕಳ್ಳಕಾಕರು ಯಾರೂ ಬಂದಿರಲಿಲ್ಲ.
ಪ್ರತಿ ಭಾನುವಾರ ಗುಂಡು ತೆಗೆದು, ಮೂರು ಸಲ ನೋಡಿ,
ಏಳು ಗಜದಿಂದ ಶೆಡ್ಡಿನ ಖಾಲಿ ಗೋಡೆಗೆ ಹಿಡಿಯುತ್ತಿದ್ದಳು.
ಬೊಟ್ಟು ಅಲೆದ ಅಂಚುಗಳನ್ನು
ಹಲಗೆಯ ಗಂಟುಗಳಿಂದ ನೆನಪಿಟ್ಟುಕೊಂಡು
ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ತಾರೀಖು,
ಮಕ್ಕಳ ಎತ್ತರವನ್ನು ಬಾಗಿಲಿಗೆ ಗೀಚುತ್ತಾರಲ್ಲ, ಹಾಗೆ.
ಸಾಸರು. ಸೂಪಿನ ಬೋಗುಣಿ. ಮೊನ್ನೆ ಊಟದ ತಟ್ಟೆ.

"ಡಾಕ್ಟರಿಗೆ ಫೋಟೋ ತೋರಿಸಿದೆ," ಅಂದಳು,
"ಇಷ್ಟು ಸರಿಯಾಗಿ ಯಾರೂ ಅಳೆದು ತಂದಿರಲಿಲ್ಲವಂತೆ.
ಗುರಿಗೆ ಹೇಗೋ ಗೊತ್ತಿಲ್ಲ.
ತೂಕಕ್ಕೆ ಒಳ್ಳೆಯ ಯಂತ್ರ."
ರಸೀದಿಗೆ ಸಹಿ ಹಾಕುವಾಗ ಹೆಸರು ಗೆರೆ ದಾಟಿ
ನನ್ನ ಮೇಜಿನ ಮೇಲೂ ಅಷ್ಟು ದೂರ ಹೋಯಿತು.

ಮುಚ್ಚುವ ಹೊತ್ತು. ಐದೂ ಗೂಡು ಖಾಲಿ ಎಂದು
ಬೆರಳಿಟ್ಟು ನೋಡಿ, ದೀಪ ಆರಿಸಿ,
ಮಣ್ಣುದಿಬ್ಬದ ಕಡೆಗೆ ನಾನೂ ಹಿಡಿ ಅಮುಕಿದೆ.
ಬೊಟ್ಟು ಬಂತು.
ಸ್ವಲ್ಪ ಹೊತ್ತು ನೋಡಿದೆ.
ಉಸಿರು ಬಿಟ್ಟು ಇನ್ನೊಮ್ಮೆ ನೋಡಿದೆ.
ಆಮೇಲೆ ದೀಪ ಹಾಕಿ
ಮೇಜಿನ ಖಾನೆಯಲ್ಲಿ ಪೆನ್ಸಿಲು ಹುಡುಕತೊಡಗಿದೆ.