ಪಾರ್ಕ್ ಗ್ಲಾಜ್

ಊರಬಾಗಿಲ ಫಲಕಕ್ಕೆ ತುಕ್ಕು. ಹೊಸದನ್ನು
ಸ್ಲೇಟುಕಲ್ಲಲ್ಲೇ ಕೆತ್ತಿಕೊಡು ಲವ್‌ಡೇ, ಎಂದು
ಪಂಚಾಯ್ತಿಯವರು ಹೇಳಿ ಆರು ವಾರವಾಯಿತು.
ಕಲ್ಲು ಬಂದಿದೆ, ಉಳಿ ಮಸೆದಿದ್ದೇನೆ,
ಸೀಮೆಸುಣ್ಣದ ಗೆರೆಯೂ ಎಳೆದಾಗಿದೆ.
ಅಕ್ಷರಗಳು ಮಾತ್ರ ಇನ್ನೂ ಜಗಳದಲ್ಲಿವೆ.

ಟ್ರಮಿಲಿಯನ್.
ಮೂವತ್ತು ಲಕ್ಷ ಸ್ಲೇಟು ಹೋಯಿತಲ್ಲ ಇಲ್ಲಿಂದ,
ತ್ರೀ ಮಿಲಿಯನ್ ಅನ್ನೋದೇ ಬಾಯಲ್ಲಿ ಸವೆದು ಹೀಗಾಯಿತು,
ಅನ್ನುತ್ತಾನೆ ಡಿಗರಿ ಸ್ಪಾರ್ಗೋ.
ಅವನಜ್ಜ ಒಂದೊಂದನ್ನೂ ಎಣಿಸಿದ್ದನಂತೆ
ಕತ್ತೆಯ ಬೆನ್ನಿಗೇರಿಸುವಾಗ, ಬಂದರಿನ ದಾರಿಗೆ.
ಅಜ್ಜನ ಎಡಗೈಯಲ್ಲಿ ಉಳಿದದ್ದು ಮೂರೇ ಬೆರಳು.
ಆ ಲೆಕ್ಕ ಯಾರೂ ಬರೆದಿಟ್ಟಿಲ್ಲ.

ಶಾಲೆಯ ಜೆನಿಫರ್ ಟ್ರೆಬಿಲ್‌ಕಾಕ್
ಚಾಪೆಲ್ಲಿನ ಮೇಜಿನ ಮೇಲೆ ಹರಡಿದಳು
ಕುರಿಚರ್ಮದ ಹಳೇ ಕ್ರಯಪತ್ರದ ನಕಲು.
ಟ್ರೆ ಅಂದರೆ ಬೇಸಾಯಗಾರನ ಮನೆ,
ಮೆಲ್ಹಿಯನ್ ಅಂದರೆ ಕ್ಲೋವರು,
ದನ ಬಿಟ್ಟರೆ ಸಾಯಂಕಾಲದೊಳಗೆ ಮೇದು ಮುಗಿಸುವ
ಅದೇ ಮೂರೆಲೆ ಹುಲ್ಲು.
ಕಲ್ಲಿನ ಸುದ್ದಿಯೇ ಇಲ್ಲ ನಮ್ಮ ಹೆಸರಲ್ಲಿ.
ನಕ್ಷೆ ಬರೆಯಲು ಬಂದವನು ಟೇಮಾರ್ ಹೊಳೆಯಾಚೆಯವನು,
ಕಿವಿಗೆ ಬಿದ್ದಷ್ಟು ಗೀಚಿಕೊಂಡು ಹೋದ;
ಸರಿಯಾಗಿ ಹೇಳಿಕೊಡುವ ನಾಲಗೆ
ಆಗಲೇ ಇಲ್ಲಿ ಮಣ್ಣಾಗಿತ್ತು.

ಚಹಾ ಆರಿತು. ಯಾರೋ ಕೆಮ್ಮಿದರು.
'ಐದು ತಲೆಮಾರು ಧೂಳು ನುಂಗಿದ್ದೇವೆ,
ಹುಲ್ಲಿನ ಹೆಸರೇನೇ ನಮಗೆ?' ಅಂದ ಡಿಗರಿ,
ಟೋಪಿ ಹಾಕಿಕೊಂಡು ಎದ್ದೇ ಹೋದ.

ನನಗೆ ಗೊತ್ತಿದ್ದದ್ದು ಬೇರೆ.
ಬೆಟ್ಟ ಕಡಿಯುತ್ತ ಇಳಿದವರು
ಒಂದೊಂದು ಮೆಟ್ಟಿಲಿಗೂ ಹೆಸರಿಟ್ಟಿದ್ದರು.
ಹೊಸದೇನಲ್ಲ: ಮೇಲೆ ಯಾವ ಹೊಲ ಇತ್ತೋ
ಅದರದೇ ಹೆಸರು ಅದರಡಿಯ ಬಂಡೆಗೂ.
ಪಾರ್ಕ್ ಅಂದರೆ ಆ ಮಾತಲ್ಲಿ ಹೊಲ.
ಪಾರ್ಕ್ ಆನ್ ವೆಲಿನ್, ಗಿರಣಿ ಹೊಲ.
ಪಾರ್ಕ್ ಆನ್ ವೆಂಟನ್, ಒರತೆ ಹೊಲ.
ಅರ್ಥ ಮರೆತಿತ್ತು, ಅಭ್ಯಾಸ ಉಳಿದಿತ್ತು.
ಹೊಲಗಳು ಬಂಡಿಯಲ್ಲಿ, ದೋಣಿಯಲ್ಲಿ
ಊರೂರ ಚಾವಣಿಗಳಾಗಿ ಹೋದವು.
ಹೆಸರುಗಳು ಹೋಗಲಿಲ್ಲ,
ಮೊದಲಿದ್ದ ಎತ್ತರದಲ್ಲೇ ನಿಂತಿವೆ,
ಕೆಳಗೆ ನೆಲವಿಲ್ಲ.

ನಮ್ಮ ಮುತ್ತಜ್ಜಿಯ ತಮ್ಮ ಹ್ಯಾನಿಬಲ್ ರೋಸ್‌ವೇರ್
ಮಂಜು ಕವಿದ ಒಂದು ಬೆಳಿಗ್ಗೆ
ಪಾರ್ಕ್ ಗ್ಲಾಜಿನಿಂದ ಬಿದ್ದ.
ವಿಚಾರಣೆಗೆ ಬಂದ ಅಧಿಕಾರಿ ಕೇಳಿದನಂತೆ:
ಹೊಲ ಅಂತೀರಿ. ಹೊಲದಿಂದ ಬೀಳುವುದು ಹೇಗೆ?
ಮುತ್ತಜ್ಜಿ ಕಿಟಕಿಯತ್ತ ಕೈ ತೋರಿದಳು.
ಅವನು ನೋಡಿದ. ಬರೆಯಲಿಲ್ಲ.
ಕಡತದಲ್ಲಿ 'ಎತ್ತರದಿಂದ' ಎಂದಷ್ಟೇ ಇದೆ.

ಗ್ಲಾಜ್ ಏನು ಎಂದು ಜೆನಿಫರನ್ನು ಕೇಳಿದೆ.
ಹಸಿರು, ಅಂದಳು.
ಸ್ವಲ್ಪ ತಡೆದು: ನೀಲಿಯೂ ಹೌದು, ಕಡಲಿಗೆ.
ಕಾವಳದ ಬೂದಿಗೂ ಅದೇ. ಒಂದೇ ಮಾತು.
ನಾನು ಮಡಿಲಲ್ಲಿದ್ದ ಸ್ಲೇಟಿನ ಚೂರನ್ನು
ಕಿಟಕಿಯ ಬೆಳಕಿಗೆ ಹಿಡಿದೆ.
ಒಣಗಿದ್ದಾಗ ಬೂದಿ. ಎಂಜಲು ಸವರಿದರೆ ನೀಲಿ.
ಓರೆ ಮಾಡಿದರೆ, ಆಣೆಯಿಟ್ಟು ಹೇಳುತ್ತೇನೆ, ಹಸಿರು.
ಹುಲ್ಲಿದ್ದಾಗ ಇಟ್ಟ ಹೆಸರು
ಹುಲ್ಲು ಸುಲಿದ ಮೇಲೂ ಸುಳ್ಳಾಡಿರಲಿಲ್ಲ.

ನಿನ್ನೆ ರಾತ್ರಿ ಡಿಗರಿ ಬಂದಿದ್ದ, ಬೂಟು ತೊಳೆದುಕೊಂಡು.
ನಿನ್ನಿಷ್ಟದಂತೆ ಕೆತ್ತು, ಅಂದ.
ಆದರೆ ಅಕ್ಷರ ಆಳ ಇರಲಿ,
ನಮ್ಮ ಕಲ್ಲು ಪದರ ಪದರ ಬಿಡುತ್ತೆ.
ಬಾಗಿಲಲ್ಲಿ ನಿಂತು ಮತ್ತೆ ಕೇಳಿದ:
ಹೊಲಕ್ಕೆಲ್ಲ ಹೆಸರಿದೆ, ಸರಿ.
ಆ ಗುಂಡಿಗೆ?

ನಾನೂ ಯೋಚಿಸಿದೆ.
ಮುನ್ನೂರು ವರ್ಷ ತೋಡಿದ್ದೇವೆ, ಈಗ ನೀರು ತುಂಬಿದೆ,
ಮೇಲಿಂದ ಇಣುಕಿದರೆ ಗ್ಲಾಜ್.
ಅದನ್ನು ಯಾರೂ ಕರೆದವರಿಲ್ಲ.
'ಕೆಳಗೆ ಹೋಗಿದ್ದಾರೆ' ಅನ್ನುತ್ತಿದ್ದೆವು, ಅಪ್ಪ ಎಲ್ಲಿ ಅಂದರೆ.

ಬೆಳಿಗ್ಗೆ ಮೊದಲಕ್ಷರಕ್ಕೆ ಉಳಿಯಿಟ್ಟೆ.
ಧೂಳೆದ್ದಿತು. ಎರಡು ಸಲ ಸೀನಿದೆ.