ತುಕ್ಕು

ತುಕ್ಕೆಂದರೆ ನನಗೆ ಕಬ್ಬಿಣದ ಮಾತು.
ಕೊಡಿಗೇನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ
ಇಪ್ಪತ್ತೆರಡು ವರ್ಷ ಗೇಟು, ಗ್ರಿಲ್ಲು, ತೊಟ್ಟಿಲ ಕೊಂಡಿ
ಬೆಸೆದವನು ನಾನು, ಚಿತ್ತಯ್ಯ.
ಉಪ್ಪುಕಾಗದದಲ್ಲಿ ಉಜ್ಜು, ಒರೆಸು,
ಕೆಂಪು ಆಕ್ಸೈಡು ಒಂದು ಕೈ ಬಳಿ,
ಆಮೇಲೆ ಮಳೆರಾಯ ಬಂದರೆ ಬರಲಿ.

ಎಲೆಗೂ ತುಕ್ಕು ಹಿಡಿಯುತ್ತದೆಂದು
ಅಕ್ಕ ಗಿರಿಯಮ್ಮ ಬಂದು ಹೇಳಿದಾಗ ನಕ್ಕೆ.
"ನಗಬ್ಯಾಡ, ಬಾ" ಅಂದಳು.
ಜಯಮಂಗಲಿ ಪಕ್ಕದ ಮುಕ್ಕಾಲು ಎಕರೆ,
ಕಡಲೇಕಾಯಿ ಬಿಟ್ಟು ಸೋಯಾ ಹಾಕಿದ ಮೊದಲ ವರ್ಷ.
ಕೋಳಿ ಫಾರಂನವರು ಕೊಳ್ಳುತ್ತಾರೆಂದು
ಊರೆಲ್ಲ ಅದನ್ನು ಕೋಳಿ ಅವರೆ ಅನ್ನುತ್ತಿತ್ತು.

ಮೇಲಿಂದ ನೋಡಿದರೆ ಹಸಿರೋ ಹಸಿರು.
ಅಕ್ಕ ಒಂದೆಲೆ ಹಿಡಿದು ಮಗುಚಿದಳು,
ದೋಸೆ ಮಗುಚಿದ ಹಾಗೆ.
ಬೆನ್ನ ತುಂಬ ಕಂದು ಗುಳ್ಳೆ,
ರಾಗಿಕಾಳಿಗಿಂತ ಸಣ್ಣವು.
ಬೆರಳಿಗೆ ಪುಡಿ ಅಂಟಿತು. ಮೂಸಿದೆ.
ಕಬ್ಬಿಣದ ವಾಸನೆಯಿಲ್ಲ;
ಬಣ್ಣ ಮಾತ್ರ ನನ್ನ ಅಂಗಡಿ ನೆಲದ್ದೇ.

ಬದುವಿನಾಚೆ ಎಂಟು ಗುಂಟೆ ಬೇರೆ ತಳಿ,
ಸಂಪರ್ಕ ಕೇಂದ್ರದ ಫರ್ಹಾನಾ ಮೇಡಂ ಕೊಡಿಸಿದ
ಡಿಎಸ್‌ಬಿ ಇಪ್ಪತ್ತೊಂದು.
ಬಿತ್ತುವ ಮುಂಚೆ ಆ ಬೀಜಕ್ಕೆ
ಬೆಲ್ಲದ ನೀರು, ಕಪ್ಪು ಜೀವಾಣು ಪುಡಿ ಸವರಿ
ನೆರಳಲ್ಲಿ ಆರಿಸುವಾಗ
"ಗಟ್ಟಿ ಉಜ್ಜಬ್ಯಾಡ, ಸಿಪ್ಪೆ ಕೂಸಿನ ನೆತ್ತಿ ಇದ್ದಂಗೆ"
ಎಂದು ನನ್ನ ಕೈಗೆ ಹೊಡೆದಿದ್ದಳು ಅಕ್ಕ.
ಉಜ್ಜುವುದೇ ನನ್ನ ಕಸುಬು, ಏನು ಮಾಡಲಿ.

"ಅದಕ್ಕೆ ಬರಲ್ವಾ ತುಕ್ಕು?" ಎಂದೆ.
ಮೇಡಂ ಎಲೆ ಕಿತ್ತು ತೋರಿಸಿದರು:
ಅಲ್ಲೂ ನಾಲ್ಕಾರು ಚುಕ್ಕಿ.
"ಬರತ್ತೆ. ಬಂದು ಅಷ್ಟಕ್ಕೇ ನಿಲ್ಲತ್ತೆ.
ತಡ್ಕೊಳ್ಳೋದು ಅಂದ್ರೆ ಅಷ್ಟೇ, ಅಣ್ಣ."
ಇಪ್ಪತ್ತೆರಡು ವರ್ಷ ಗಿರಾಕಿಗಳಿಗೆ
'ಜನ್ಮದಲ್ಲಿ ತುಕ್ಕು ಹಿಡಿಯಲ್ಲ' ಎಂದವನು
ಬೇರೆ ಕಡೆ ನೋಡಿದೆ.

ಇತ್ತ ಹಳೆ ಬೀಜದ ಪಾಲಿಗೆ ಔಷಧಿ.
ಹೆಕ್ಸಕೊನಜೋಲ್, ಲೀಟರಿಗೆ ಒಂದು ಮಿಲಿ,
ಬೆಳಿಗ್ಗೆ ಗಾಳಿ ಏಳುವ ಮುಂಚೆ
ಮೂಗಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಕ್ಯಾನು ಹೊತ್ತು
ಸಾಲು ಸಾಲಾಗಿ ಹೊಡೆದೆ.
ಎಂಟು ದಿನ ಬಿಟ್ಟು ಬಂದು ಮಗುಚಿದರೆ
ಮೇಲೆ ಫಳಫಳ;
ಕೆಳಗೆ ಮೊದಲಿದ್ದಷ್ಟು, ಮತ್ತೂ ಒಂದಿಷ್ಟು.
ಆಗ ನೆನಪಾಯಿತು ಮಿಡಿಗೇಶಿ ಮೇಷ್ಟ್ರ ಮನೆ ಗೇಟು.
ಎದುರಿಗೆ ಎರಡು ಕೋಟು,
ಕಣ್ಣಿಗೆ ಬೀಳದ ಅಡಿಪಟ್ಟಿಗೆ ಬರೀ ನಮಸ್ಕಾರ.
ಮೂರನೇ ಮಳೆಗಾಲಕ್ಕೆ ಅಡಿಯಿಂದಲೇ ತಿಂದಿತ್ತು.

ರಾತ್ರಿ ಅಂಗಡಿ ತೆರೆದೆ.
ಸ್ಪ್ರೇಯರಿನ ಹಿತ್ತಾಳೆ ಕೊಳವೆ ಬಿಚ್ಚಿ
ಹೊಳೆಯ ಒಣಮರಳು ತುಂಬಿ
ಎರಡೂ ಬಾಯಿಗೆ ಬಿರಡೆ ಜಡಿದು
(ಮರಳಿಲ್ಲದೆ ಬಗ್ಗಿಸಿದರೆ ನೆಗ್ಗಿ ಮುಚ್ಚಿಹೋಗುತ್ತದೆ)
ಮಂಕು ಕೆಂಪಾಗುವವರೆಗೆ ಕಾಯಿಸಿ, ಮೆಲ್ಲಗೆ
ಬಾತುಕೋಳಿ ಕತ್ತಿನ ಹಾಗೆ ಬಗ್ಗಿಸಿದೆ.
ಮೂತಿ ಈಗ ಆಕಾಶಕ್ಕೆ.
ಗಿಡದ ಬುಡಕ್ಕೆ ತೂರಿಸಿ ಒತ್ತಿದರೆ
ಮಳೆ, ನೆಲದಿಂದ ಮೇಲಕ್ಕೆ.

ಎಲ್ಲ ಉಳಿಯಲಿಲ್ಲ.
ಅಷ್ಟು ದೊಡ್ಡ ಹಳೆ ಬೀಜದ ಪಾಲಿಗೆ
ಎರಡೂವರೆ ಚೀಲ, ಕಾಳು ಸಣ್ಣ.
ಎಂಟು ಗುಂಟೆಯದ್ದೇ ಎರಡು ಚೀಲ, ದುಂಡಗೆ.
"ಬರೋ ವರ್ಷ ಪೂರಾ ಇದೇಯ" ಅಂದಳು ಅಕ್ಕ,
ಅಂದವಳು ಹಳೆಯದನ್ನೂ ಒಂದು ಸೇರು
ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟುಕೊಂಡಳು.
ಯಾಕೆಂದು ಕೇಳಲಿಲ್ಲ.

ನನಗೊಂದು ಚಾಳಿ ಅಂಟಿತು:
ಟೀ ಸಾಸರು, ನಾಣ್ಯ, ಬೇಲಿಯ ಎಲೆ,
ಏನು ಸಿಕ್ಕರೂ ಮಗುಚಿ ನೋಡುವುದು.
ಬಾಗಿದ ಕೊಳವೆ ಬೇಕೆಂದು ಏಳು ಜನ ಬಂದರು.
ಅದರಲ್ಲಿ ಒಬ್ಬ, ಈರಕ್ಯಾತಪ್ಪನ ಮೊಮ್ಮಗ,
ಹಿಂದೆ ಮುಂದೆ ತಿರುಗಿಸಿ ಕೇಳಿದ,
"ಇದಕ್ಕೆ ತುಕ್ಕು ಹಿಡಿಯಲ್ವಾ?"

"ಹಿತ್ತಾಳೆ ಕಣಪ್ಪ, ಇದಕ್ಕೆ ಕಿಲುಬು.
ಹಿಡಿಯತ್ತೆ" ಅಂದೆ.
"ವಾರಕ್ಕೊಂದ್ಸಲ ಹುಣಿಸೆಹಣ್ಣು ಹಾಕಿ ಉಜ್ಜು."