ಒಂಬತ್ತು ಸಾವಿರ ಕಿಲೋಮೀಟರು

ಲಾರಿಯ ಬೆನ್ನೇರಿ ಬಂತು ಹಳದಿ ಕಾರು
ತಣ್ಣೀರುಹಳ್ಳದ ನನ್ನ ಅಂಗಡಿಗೆ, ಸೋಮವಾರ, ಬೋಣಿಗೂ ಮುಂಚೆ.
ಹಿಂದಿನೆರಡೂ ಟೈರು ಬೋಳು. ಒಳ ಅಂಚಿನಲ್ಲಿ
ತಂತಿ ಹೊರಬಿದ್ದು, ಸವರಿದರೆ ಬೆರಳು ಕೊಯ್ಯುವ ಹಾಗೆ.

ಹಿಂದೆಯೇ ಬೊಲೆರೊದಲ್ಲಿ ಧರಣೇಂದ್ರಯ್ಯ.
ಬಿತ್ತನೆ ಆಲೂಗಡ್ಡೆ ಮಂಡಿ, ಎರಡು ಶೀತಲಗೃಹ,
ಆರಡಿ ಆಳು. ಇಳಿಯುವ ಮೊದಲೇ ಶುರು:
"ಏನಯ್ಯ ಮೋನಾಚಾರಿ, ಒಂದೂವರೆ ವರ್ಷ ಆಗಿಲ್ಲ!
ನನ್ನ ಟ್ರ್ಯಾಕ್ಟರಿಂದು ಏಳು ವರ್ಷ ಬಂತು.
ತಿಂಗಳಿಗೊಂದು ಸಲ ಬೆಳಗೊಳಕ್ಕೆ ಹೋಗಿ ಬರ್ತೀನಿ,
ಅರವತ್ತರ ಮೇಲೆ ಮುಳ್ಳು ಏರಿಸಿದವನಲ್ಲ.
ಇದು ರಬ್ಬರೋ, ಬೆಣ್ಣೆಯೋ?"

ಬೆಣ್ಣೆಯೇ ಸ್ವಾಮಿ, ಅಂದೆ.
ಬೇಕೆಂದೇ ಮೆತ್ತಗೆ ಮಾಡಿರ್ತಾರೆ.
ಬಿಸಿಯಾದಷ್ಟೂ ಅಂಟಬೇಕು, ತಿರುವಿನಲ್ಲಿ
ನೆಲವನ್ನು ಹಲ್ಲಿಯ ಹಾಗೆ ಕಚ್ಚಬೇಕು.
ಗಟ್ಟಿ ರಬ್ಬರು ಜಾರುತ್ತೆ, ಉಳಿಯುತ್ತೆ.
ಮೆತ್ತನೆಯದು ಹಿಡಿಯುತ್ತೆ,
ಹಿಡಿದ ಕಡೆಯಲ್ಲೆಲ್ಲ ತನ್ನದೊಂದಿಷ್ಟು ಬಿಟ್ಟು ಬರುತ್ತೆ.
ಕೆಂಪು ಬಸ್ಸಿನದು ಮೂರು ಸಲ ರೀಟ್ರೆಡ್ಡಾಗಿ ಲಕ್ಷ ದಾಟಿಸುತ್ತೆ;
ಅದರ ಹೊಟ್ಟೆಪಾಡು ಬೇರೆ, ಇದರ ಹುಚ್ಚು ಬೇರೆ.

"ತೇಯ್ದಷ್ಟೂ ಗಂಧ ಅಂತೀಯೇನೋ ಈಗ?"
ಇಲ್ಲ ಸ್ವಾಮಿ. ರಬ್ಬರು ತೇಯ್ದರೆ ನಾತ.

ನಮ್ಮ ತಾತ ದುದ್ದದಲ್ಲಿ
ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸಿದವನು.
ಮೂರು ಜೋಡಿ ಎತ್ತು ಸವೆದರೂ ಪಟ್ಟಿ ಸವೆಯದು.
ಅದಕ್ಕೇ ಅವನು ಬಡವನಾಗಿ ಸತ್ತ.

ಧರಣೇಂದ್ರಯ್ಯನವರಿಗೆ ಫೋನು ಬಂತು, ಆಲೂಗಡ್ಡೆಯ ರೇಟು.
ನಾನು ಕಾರನ್ನು ಲಿಫ್ಟಿಗೇರಿಸೋಣವೆಂದು ಒಳಗೆ ತೂರಿದೆ.
ಮೊಣಕಾಲು ಸ್ಟೀರಿಂಗಿಗೆ ಬಡಿಯಿತು.
ನಾನೇ ಐದೂವರೆ ಅಡಿ.
ಸೀಟು ಮುಂದಕ್ಕೆ, ತೀರ ಮುಂದಕ್ಕೆ. ಬೆನ್ನಿಗೊಂದು
ಮಡಿಸಿಟ್ಟ ಹಳೇ ಶಾಲು.

ಮೀಟರು ನೋಡಿದೆ: ಒಂಬತ್ತು ಸಾವಿರದ ನೂರ ನಲವತ್ತು.
ಹದಿನೆಂಟು ತಿಂಗಳು, ತಿಂಗಳಿಗೊಂದು ಬೆಳಗೊಳ,
ನೂರರಂತೆ ಹಾಕಿದರೂ ಸಾವಿರದ ಎಂಟುನೂರು.
ಮಿಕ್ಕಿದ್ದು?
ಮುಂದಿನ ಟೈರಿನ ಗಾಡಿಯಲ್ಲಿ ಸಿಕ್ಕಿಕೊಂಡಿದ್ದ
ಬಿಳಿ ಕಾಂಕ್ರೀಟಿನ ಚೂರನ್ನು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿದೆ.
ದೋಣಿಗಾಲ್ ಇಳಿದು, ಮಾರನಹಳ್ಳಿ ದಾಟಿ,
ಶಿರಾಡಿಯ ತಿರುವುಗಳಲ್ಲಿ ಬಿದ್ದಿರುತ್ತೆ ಇಂಥದು.

ಆಗ ನೆನಪಾಯಿತು.
ಎರಡು ಸಲ, ಬೆಳಗಿನ ಐದೂವರೆಗೆ, ಅರ್ಧ ಶಟರು ಎತ್ತಿದ್ದೆ,
ಮಾಲಮ್ಮನವರು (ಲಗ್ನಪತ್ರಿಕೆಗಳಲ್ಲಿ ಜ್ವಾಲಾಮಾಲಿನಿ)
ಗಾಳಿ ಹಿಡಿಸಲು ಬಂದಿದ್ದರು. ಐವತ್ತಾರಿರಬಹುದು.
ಕೆನ್ನೆ ಕೆಂಪಗೆ, ಸೆರಗು ಸೊಂಟಕ್ಕೆ ಬಿಗಿದು.
"ಮೂವತ್ತೆರಡು ಸಾಕು. ಓಡಿದ ಮೇಲೆ ಏರುತ್ತಲ್ಲ."
ಯಜಮಾನರು ಹೇಳಿಕಳಿಸಿದ್ದಾರೆ ಅಂದುಕೊಂಡಿದ್ದೆ, ದಡ್ಡ.
ಇಷ್ಟು ವರ್ಷ ಟೈರು ಓದಿದವನು
ಬಾನೆಟ್ಟಿನ ಬಿಸಿ ಮುಟ್ಟಿ ನೋಡಲಿಲ್ಲ.

ಅವರು ಮನೆಗೆ ಮರಳುವ ಹೊತ್ತಿಗೆ
ಇವರಿನ್ನೂ ಗೊರಕೆಯಲ್ಲಿರಬೇಕು.
ಕಾಫಿ ಬೆರೆಸಿ, ಲೋಟ ಕೈಗಿಡುವಾಗ
ಕೈ ಇನ್ನೂ ಸ್ವಲ್ಪ ನಡುಗುತ್ತಿರಬೇಕು.

"ಗಟ್ಟಿದು ಹಾಕು, ಮೂವತ್ತು ಸಾವಿರವಾದ್ರೂ ಬರೋದು,"
ಫೋನಿಟ್ಟು ಬಂದವರು ಅಂದರು.
ರ‍್ಯಾಕಿನಲ್ಲಿತ್ತು ಆ ಅಳತೆಯದು, ಗಟ್ಟಿ, ಅಗ್ಗ.
ಕೆಂಪುಹೊಳೆಯ ಮೇಲಿನ ಆ ಒಂದು ತಿರುವು ನೆನೆದೆ,
ಮಂಜು, ಎದುರಿಗೆ ಮಂಗಳೂರಿನ ಟ್ಯಾಂಕರು.
ಈ ಅಳತೆಗೆ ಗಟ್ಟಿದು ಬರಲ್ಲ ಸ್ವಾಮಿ, ಅಂದೆ.
ಮೂವತ್ತು ವರ್ಷದ ಅಂಗಡಿಯಲ್ಲಿ
ದುಬಾರಿ ಮಾಲಿಗೆ ಹೇಳಿದ ಮೊದಲ ಸುಳ್ಳೇನಲ್ಲ,
ಆದರೆ ಲಾಭ ಬಿಟ್ಟು ಬಿಲ್ಲು ಬರೆದದ್ದು ಇದೊಂದಕ್ಕೇ.

ತಂತಿ ಕಾಣುವವರೆಗೂ ಓಡಿಸಿದ್ದಾರಲ್ಲ,
ಅಮ್ಮ ಇನ್ನೊಮ್ಮೆ ಬಂದರೆ ಬಯ್ಯಬೇಕು.

ಕೀಲಿ ಕೊಡುವ ಮುಂಚೆ ಶಾಲನ್ನು ಹಿಂದಿನ ಸಂದಿಗೆ ಸರಿಸಿ
ಸೀಟನ್ನು ತಳ್ಳಿದೆ, ಆರಡಿಗೆ ಸರಿಯಾಗಿ.
ಒರೆಸುವ ಬಟ್ಟೆಯನ್ನು, ಮರೆತವನ ಹಾಗೆ,
ಮೀಟರಿನ ಮೇಲೆ ಬಿಟ್ಟೆ.